ಸಿಹಿ ಕಮ್ಮಿ ಮಾಡೋವಾಗ ಸಕ್ಕರೆನೇ ಇಟ್ಕೋಬೇಕಾ, ಶುಗರ್ ಫ್ರೀಗೆ ಹೋಗ್ಬೇಕಾ?

ಮನೇಲಿ ಯಾರಿಗಾದ್ರೂ ಬ್ಲಡ್ ರಿಪೋರ್ಟಲ್ಲಿ ಶುಗರ್ ಸ್ವಲ್ಪ ಏರಿ ಬಂತು ಅಂದ್ರೆ ಸಾಕು, ಸಕ್ಕರೆ ಡಬ್ಬ ಮೇಲಿನ ಶೆಲ್ಫಿಗೆ ಹೋಗುತ್ತೆ, ಆ ಜಾಗಕ್ಕೆ ಬೆಲ್ಲ ಬರುತ್ತೆ, ಜೇನುತುಪ್ಪ ಬರುತ್ತೆ, ಮೆಡಿಕಲ್ ಸ್ಟೋರಿಂದ ಒಂದು ಶುಗರ್ ಫ್ರೀ ಡಬ್ಬಿನೂ ಬರುತ್ತೆ, ಆದ್ರೆ ಕಾಫಿ ಮಾತ್ರ ಮೊದಲಿನಷ್ಟೇ ಸಿಹಿ ಇರುತ್ತೆ. 2023ರಲ್ಲಿ ಬಂದ ಐಸಿಎಂಆರ್ ಸರ್ವೆ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ಇದ್ದಾರೆ, ಅಂದ್ರೆ ಇದು ಯಾರದೋ ಮನೆ ಕಥೆ ಅಲ್ಲ. ಹಾಗಾಗಿ ಯಾವ ಬದಲಿ ತಗೋಬೇಕು ಅಂತ ಹುಡುಕೋ ಮುಂಚೆ ನಿಮ್ಮ ನಾಲಿಗೆಗೆ ಎಷ್ಟು ಸಿಹಿ ಅಭ್ಯಾಸ ಆಗಿದೆ ಅನ್ನೋದನ್ನ ಇಳಿಸೋ ಕೆಲಸ ಶುರು ಮಾಡಿ, ಬದಲಿ ಅನ್ನೋದು ಆ ಕೆಲಸಕ್ಕೆ ಅಲ್ಲಲ್ಲಿ ಸಹಾಯ ಮಾಡುತ್ತೆ ಅಷ್ಟೇ.

ಮೊದಲು ಲೆಕ್ಕ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಏನಂದ್ರೆ, ದಿನದ ಒಟ್ಟು ಕ್ಯಾಲೊರಿಯಲ್ಲಿ ಸೇರಿಸಿದ ಸಕ್ಕರೆ 10 ಪರ್ಸೆಂಟಿಗಿಂತ ಕಮ್ಮಿ ಇರ್ಬೇಕು, 5 ಪರ್ಸೆಂಟಿಗಿಂತ ಕೆಳಗೆ ಬಂದ್ರೆ ಇನ್ನೂ ಒಳ್ಳೇದು. ಸಾಮಾನ್ಯವಾಗಿ ಓಡಾಡ್ಕೊಂಡಿರೋ ದೊಡ್ಡವರಿಗೆ ಇದು 50 ಗ್ರಾಂ ಮತ್ತೆ 25 ಗ್ರಾಂ ಅಂತ ಆಗುತ್ತೆ. ಗ್ರಾಂ ಲೆಕ್ಕ ಅಡುಗೆಮನೇಲಿ ಯಾರಿಗೂ ನೆನಪಿರಲ್ಲ, ಅದಕ್ಕೆ ನಾನು ಹೇಳೋದು ತಿಂಗಳ ದಿನಸಿ ಚೀಟಿ ನೋಡಿ ಅಂತ. ನಾಲ್ಕು ಜನ ಇರೋ ಮನೇಲಿ ತಿಂಗಳಿಗೆ 3 ಕೆಜಿ ಖರ್ಚಾದ್ರೆ ತಲೆಗೆ ದಿನಕ್ಕೆ 25 ಗ್ರಾಂ ಬಿತ್ತು ಅಂತ ಅರ್ಥ, 6 ಕೆಜಿ ಆದ್ರೆ 50 ಗ್ರಾಂ. ಆ 3 ಕೆಜಿ ಒಳಗೆ ಬೆಲ್ಲ, ಕಲ್ಲುಸಕ್ಕರೆ, ಜೇನುತುಪ್ಪ ಎಲ್ಲಾ ಸೇರಿಸ್ಬೇಕು, ಮತ್ತೆ ಹೊರಗಡೆ ಕುಡಿಯೋ ಕಾಫಿ, ಬೇಕರಿ ತಿಂಡಿ, ಬಿಸ್ಕೆಟ್ಟು, ಜ್ಯೂಸು ಇದರಲ್ಲಿ ಬಂದೇ ಇಲ್ಲ ಅನ್ನೋದು ನೆನಪಿರ್ಲಿ. ಒಂದು 300 ಎಂಎಲ್ ಕೋಲಾ ಬಾಟ್ಲಿಲೇ 30 ಗ್ರಾಂ ಮೇಲೆ ಸಕ್ಕರೆ ಇರುತ್ತೆ, ಅಲ್ಲಿಗೆ ಆ ದಿನದ್ದು ಮುಗೀತು.

ಈ ಲೆಕ್ಕ ಹಾಕಿದ್ರೆ ಹೆಚ್ಚಿನ ಮನೆಗಳಲ್ಲಿ ಒಂದು ವಿಷಯ ಗೊತ್ತಾಗುತ್ತೆ, ಹಬ್ಬದ ಹೋಳಿಗೆ ದೊಡ್ಡ ತೊಂದರೆ ಅಲ್ಲವೇ ಅಲ್ಲ, ಅದು ವರ್ಷಕ್ಕೆ ಕೆಲವು ಸಲ. ದಿನಾ ಸೇರ್ತಾ ಇರೋದು ಕಾಫಿ ಟೀ ಬಿಸ್ಕೆಟ್ಟಲ್ಲಿ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ, ಟೀ ಚಮಚಕ್ಕೆ 4 ರಿಂದ 5 ಗ್ರಾಂ ಅಂತ ಇಟ್ಕೊಂಡ್ರೂ 24 ರಿಂದ 30 ಗ್ರಾಂ ಅಲ್ಲೇ ಆಯ್ತು, ನಾವು ಹಾಕೋದು ಮಟ್ಟ ಚಮಚ ಅಲ್ಲ ರಾಶಿ ಚಮಚ, ಹಾಗಾಗಿ ನಿಜವಾಗ್ಲೂ ಇನ್ನೂ ಜಾಸ್ತಿನೇ ಇರುತ್ತೆ.

ಹಾಗಾಗಿ ಶುರು ಮಾಡೋದು ಕಾಫಿಯಿಂದ. ಒಂದೇ ಸಲ ಸಕ್ಕರೆ ಬಿಟ್ಟುಬಿಡ್ತೀನಿ ಅಂತ ಹೊರಟವರು ಬಹಳ ಜನ ನಾಲ್ಕು ದಿನಕ್ಕೆ ವಾಪಸ್ ಬರ್ತಾರೆ, ಅದಕ್ಕೆ ಎರಡು ಚಮಚ ಇದ್ದಿದ್ದನ್ನ ಒಂದೂವರೆ ಮಾಡಿ, ಅದು ನಾಲಿಗೆಗೆ ಸಪ್ಪೆ ಅನ್ಸೋದು ನಿಲ್ಲೋವರೆಗೂ ಒಂದೆರಡು ವಾರ ಅಲ್ಲೇ ಇರಿ, ಆಮೇಲೆ ಒಂದು, ಆಮೇಲೆ ಅರ್ಧ. ಈ ನಡುವೆ ಡಿಕಾಕ್ಷನ್ ಕಡೆ ಗಮನ ಕೊಡಿ, ಸಕ್ಕರೆ ಕಮ್ಮಿ ಆದಾಗ ಕಾಫಿಯ ದೋಷಗಳೆಲ್ಲಾ ಬಾಯಿಗೆ ಗೊತ್ತಾಗುತ್ತೆ, ಬೆಳಿಗ್ಗೆ ಹಾಕಿದ್ದ ಡಿಕಾಕ್ಷನ್ ಸಂಜೆ ಕುದಿಸಿದ್ರೆ ಕಹಿ, ಚಿಕೋರಿ ಜಾಸ್ತಿ ಇದ್ರೆ ಕಹಿ. ಫ್ರೆಶ್ ಡಿಕಾಕ್ಷನ್, ಚಿಕೋರಿ ಕಮ್ಮಿ ಇರೋ ಪುಡಿ, ಸ್ವಲ್ಪ ಗಟ್ಟಿ ಹಾಲು, ಇಷ್ಟಿದ್ರೆ ಅರ್ಧ ಚಮಚ ಧಾರಾಳವಾಗಿ ಸಾಕಾಗುತ್ತೆ. ಹಾಲಲ್ಲೇ ಸ್ವಂತ ಸಿಹಿ ಇದೆ, ಅದು ಗೊತ್ತಾಗೋಕೆ ಶುರು ಆದ ದಿನ ನಿಮ್ಮ ನಾಲಿಗೆ ದಾರಿಗೆ ಬಂತು ಅಂತ ತಿಳ್ಕೊಳ್ಳಿ. ಹೋಟ್ಲಲ್ಲಿ ಕುಡಿಯೋವಾಗ ಸಕ್ಕರೆ ಕಮ್ಮಿ ಅನ್ನೋದಕ್ಕಿಂತ ಸಕ್ಕರೆ ಬೇರೆ ಕೊಡಿ ಅಂತ ಕೇಳಿ, ಕಮ್ಮಿ ಅನ್ನೋದು ಅವರವರ ಕೈ ಅಳತೆ.

ಈಗ ಬೆಲ್ಲದ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು ಯಾಕಂದ್ರೆ ನಮ್ಮಲ್ಲಿ ಇದರ ಬಗ್ಗೆ ತುಂಬಾ ನಂಬಿಕೆ ಇದೆ. ಆಲೆಮನೇಲಿ ಕಬ್ಬಿನ ಹಾಲು ಕೊಪ್ಪರಿಗೆಲಿ ಕುದಿಸಿ ಕುದಿಸಿ ಗಟ್ಟಿ ಮಾಡಿದ್ದು ಬೆಲ್ಲ, ಸಕ್ಕರೆ ಮಾಡೋವಾಗ ತೆಗೆದುಬಿಡೋ ಕಪ್ಪು ಪಾಕ ಅಂದ್ರೆ ಕಾಕಂಬಿನ ಇಲ್ಲಿ ಬೇರೆ ಮಾಡಲ್ಲ, ಹಾಗಾಗಿ ಸ್ವಲ್ಪ ಕಬ್ಬಿಣಾಂಶ, ಸ್ವಲ್ಪ ಪೊಟ್ಯಾಸಿಯಂ ಉಳಿಯುತ್ತೆ, ರುಚಿನೂ ಘಮನೂ ಉಳಿಯುತ್ತೆ. ಆದ್ರೆ ಅದರ ಬಹುಪಾಲು ಸಕ್ಕರೆನೇ, ಗ್ರಾಂಗೆ ಸಕ್ಕರೆ 4 ಕ್ಯಾಲೊರಿ ಕೊಟ್ರೆ ಬೆಲ್ಲನೂ ಹೆಚ್ಚೂಕಮ್ಮಿ ಅಷ್ಟೇ, ರಕ್ತದಲ್ಲಿ ಶುಗರ್ ಏರಿಸೋದ್ರಲ್ಲೂ ಹಿಂದೆ ಬೀಳಲ್ಲ. ಮತ್ತೆ ಬೆಲ್ಲದ ಸಿಹಿ ಸಕ್ಕರೆಗಿಂತ ಒಂಚೂರು ಮೆತ್ತಗೆ ಇರೋದ್ರಿಂದ ನಾವು ಇನ್ನೊಂದು ತುಂಡು ಜಾಸ್ತಿನೇ ಹಾಕ್ತೀವಿ. ಮಂಡ್ಯದ ಅಚ್ಚು ಬೆಲ್ಲ ಆಗ್ಲಿ ಮಲೆನಾಡಿನ ಜೋನಿ ಬೆಲ್ಲ ಆಗ್ಲಿ ರುಚಿಗೋಸ್ಕರ ತಿನ್ನಿ, ನಾನೂ ಇಷ್ಟಪಟ್ಟು ತಿಂತೀನಿ, ಆದ್ರೆ ಶುಗರ್ ಇರೋರಿಗೆ ಬೆಲ್ಲ ಪರವಾಗಿಲ್ಲ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಒಪ್ಕೋಬೇಡಿ. ತಾಟಿಬೆಲ್ಲ, ತೆಂಗಿನ ಸಕ್ಕರೆ, ಬ್ರೌನ್ ಶುಗರ್ ಎಲ್ಲಾ ಇದೇ ಗುಂಪು. ಸಾರಿಗೆ ಗೊಜ್ಜಿಗೆ ಹಾಕೋ ಚೂರು ಬೆಲ್ಲ ಬಿಡಿ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ.

ಜೇನುತುಪ್ಪನೂ ಲೆಕ್ಕದಲ್ಲಿ ಸಕ್ಕರೆನೇ, ಸುಮಾರು 80 ಪರ್ಸೆಂಟ್. ಒಂದು ವರ್ಷದೊಳಗಿನ ಮಗುಗೆ ಮಾತ್ರ ಜೇನು ನೆಕ್ಕಿಸಲೇಬೇಡಿ, ಬೊಟುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು. ಖರ್ಜೂರದ ಲಡ್ಡುಲಿ ನಾರು ಇದೆ, ಒಳ್ಳೇದು, ಆದ್ರೆ ಅರ್ಧಕ್ಕಿಂತ ಜಾಸ್ತಿ ಸಿಹಿನೇ ಇರೋ ಹಣ್ಣದು, ಸಕ್ಕರೆ ಹಾಕಿಲ್ಲ ಅಂತ ನಾಲ್ಕು ತಿನ್ನೋ ಹಾಗಿಲ್ಲ. ಹಣ್ಣನ್ನ ಹಣ್ಣಾಗೇ ತಿನ್ನಿ, ಜ್ಯೂಸ್ ಮಾಡ್ಬೇಡಿ, ಅಷ್ಟೇ.

ಇನ್ನು ಶುಗರ್ ಫ್ರೀ ಅಂತ ನಾವು ಒಟ್ಟಾಗಿ ಕರೆಯೋದರಲ್ಲಿ ಎರಡು ಜಾತಿ ಇದೆ. ಒಂದು, ಕಣದಷ್ಟು ಹಾಕಿದ್ರೂ ಸಿಹಿ ಆಗೋವು. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಸುಕ್ರಲೋಸ್ ಸುಮಾರು 600 ಪಟ್ಟು, ಸ್ಟೀವಿಯಾ ಎಲೆಯಿಂದ ತೆಗೆದ ಪುಡಿ 200 ರಿಂದ 300 ಪಟ್ಟು, ಸ್ಯಾಕರಿನ್ ಅಂತೂ 1879ರಿಂದಲೇ ಇದೆ. ಇನ್ನೊಂದು ಜಾತಿ ಎರಿತ್ರಿಟಾಲ್, ಕ್ಸೈಲಿಟಾಲ್, ಮಾಲ್ಟಿಟಾಲ್, ಸಾರ್ಬಿಟಾಲ್ ಅನ್ನೋವು, ಇವು ಸಕ್ಕರೆ ತರ ತೂಕಕ್ಕೆ ಹಾಕೋವು, ಹೆಚ್ಚಾಗಿ ಶುಗರ್ ಫ್ರೀ ಚಾಕಲೇಟು, ಬಿಸ್ಕೆಟ್ಟು, ಚೂಯಿಂಗ್ ಗಮ್ಮಲ್ಲಿ ಇರ್ತವೆ. ಒಂದೇ ಕಂಪನಿ ಬೇರೆ ಬೇರೆ ಡಬ್ಬಿಲಿ ಬೇರೆ ಬೇರೆ ಪದಾರ್ಥ ಮಾರುತ್ತೆ, ಹಾಗಾಗಿ ಮುಂದಿನ ಹೆಸರು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಹೆಸರಿಲ್ದೆ ನಂಬರ್ ಮಾತ್ರ ಇದ್ರೆ 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ, 965 ಮಾಲ್ಟಿಟಾಲ್.

ಯಾವುದು ಎಲ್ಲಿಗೆ ಅಂದ್ರೆ, ಆಸ್ಪರ್ಟೇಮ್ ಬಿಸಿ ತಾಗಿದ್ರೆ ಸಿಹಿ ಕಳ್ಕೊಳ್ಳುತ್ತೆ, ಅದನ್ನ ಪಾಯಸದ ಜೊತೆ ಕುದಿಸೋದು ದಂಡ, ತಣ್ಣಗಿನ ನಿಂಬೆ ಶರಬತ್ತು, ಮಜ್ಜಿಗೆ, ಪಾನಕಕ್ಕೆ ಆಗುತ್ತೆ, ಮತ್ತೆ ಫಿನೈಲ್‌ಕೀಟೋನ್ಯೂರಿಯಾ ಅನ್ನೋ ಹುಟ್ಟು ಕಾಯಿಲೆ ಇರೋರು ಅದನ್ನ ಮುಟ್ಟಲೇಬಾರದು. ಸುಕ್ರಲೋಸ್ ಕಾಫಿ ಟೀ ಬಿಸಿಗೆ ತಡೆಯುತ್ತೆ, ಆದ್ರೆ ಬೇಕಿಂಗು, ಕರಿಯೋದು ಇಂಥ ಜೋರು ಬಿಸಿಗೆ ಬೇಡ, ಜರ್ಮನಿಯ ಆಹಾರ ಸುರಕ್ಷತೆ ಸಂಸ್ಥೆ 2019ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ, ನಾವು ಒಲೆ ಆರಿಸಿ ಕೊನೇಲಿ ಬೆರೆಸಿದ್ರೆ ಆ ತಲೆನೋವೇ ಇಲ್ಲ. ಸ್ಟೀವಿಯಾದಲ್ಲಿ ಸಿಹಿ ಸ್ವಲ್ಪ ತಡವಾಗಿ ಬಂದು ಕೊನೇಲಿ ಜೇಷ್ಠಮಧು ಜಗಿದ ಹಾಗೆ ಒಂದು ಒಗರು ಕಹಿ ಉಳಿಯುತ್ತೆ, ಕೆಲವರಿಗೆ ಹಿಡಿಸುತ್ತೆ ಕೆಲವರಿಗೆ ಇಲ್ಲವೇ ಇಲ್ಲ, ಮೊದಲು ಚಿಕ್ಕ ಪ್ಯಾಕ್ ತಗೊಳ್ಳಿ. ಎರಿತ್ರಿಟಾಲ್ ಬಾಯಿಗೆ ತಣ್ಣಗೆ ಅನ್ಸುತ್ತೆ, ಆದ್ರೆ 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ ರಕ್ತದಲ್ಲಿ ಇದು ಜಾಸ್ತಿ ಇದ್ದವರಿಗೆ ಹಾರ್ಟ್ ಅಟ್ಯಾಕು ಸ್ಟ್ರೋಕು ಹೆಚ್ಚು ಕಂಡಿದೆ, ಇದರಿಂದಲೇ ಆಯ್ತು ಅಂತ ಅದು ಸಾಬೀತು ಮಾಡಲ್ಲ, ಆದ್ರೂ ಹೃದಯದ ತೊಂದರೆ ಇರೋರು ಕೆಜಿಗಟ್ಟಲೆ ತಂದು ಬಳಸೋದು ಬೇಡ ಅಂತಲೇ ನಾನು ಹೇಳ್ತೀನಿ. ಕ್ಸೈಲಿಟಾಲ್ ಮನೇಲಿ ನಾಯಿ ಇದ್ರೆ ತರಲೇಬೇಡಿ, ಸ್ವಲ್ಪ ತಿಂದ್ರೂ ನಾಯಿಗೆ ಪ್ರಾಣಾಪಾಯ.

ಕ್ಯಾನ್ಸರ್ ಬರುತ್ತಾ ಅಂತ ಎಲ್ಲರೂ ಕೇಳ್ತಾರೆ. 2023ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನ ಕ್ಯಾನ್ಸರ್ ತರೋ ಸಾಧ್ಯತೆ ಇದ್ರೂ ಇರಬಹುದು ಅನ್ನೋ ಪಟ್ಟಿಗೆ ಸೇರಿಸ್ತು, ಪುರಾವೆ ಸೀಮಿತ ಅಂತಲೂ ಹೇಳ್ತು, ಅದೇ ಸಮಯಕ್ಕೆ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ ಹಳೇ ಮಿತಿನೇ ಉಳಿಸ್ಕೊಳ್ತು, ದೇಹದ ತೂಕದ ಒಂದೊಂದು ಕೆಜಿಗೆ ದಿನಕ್ಕೆ 40 ಮಿಲಿಗ್ರಾಂ. 60 ಕೆಜಿ ತೂಕದವರಿಗೆ 2400 ಮಿಲಿಗ್ರಾಂ ಆಯ್ತು, ಒಂದು ಡಯಟ್ ಕೋಲಾ ಕ್ಯಾನಲ್ಲಿ 200 ರಿಂದ 300 ಮಿಲಿಗ್ರಾಂ ಇರುತ್ತೆ, ಕಾಫಿಗೆ ಒಂದೆರಡು ಮಾತ್ರೆ ಹಾಕೋರು ಆ ಮಿತಿಯ ಹತ್ರನೂ ಹೋಗಲ್ಲ. ನನಗೆ ಅದಕ್ಕಿಂತ ಮುಖ್ಯ ಅನ್ಸೋದು 2023ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಇನ್ನೊಂದು ಮಾತು, ತೂಕ ಇಳಿಸೋಕೆ ಅಂತ ಈ ಸಿಹಿಕಾರಕಗಳನ್ನ ನೆಚ್ಕೋಬೇಡಿ, ದೀರ್ಘಕಾಲದಲ್ಲಿ ಉಪಯೋಗ ಕಾಣ್ತಿಲ್ಲ ಅಂತ. ಈಗಾಗಲೇ ಡಯಾಬಿಟಿಸ್ ಇರೋರಿಗೆ ಆ ಸಲಹೆ ಅನ್ವಯಿಸಲ್ಲ ಅಂತಲೂ ಅದರಲ್ಲೇ ಇದೆ.

ಹಾಗಾಗಿ ನನ್ನ ತೀರ್ಮಾನ ಹೀಗೆ: ಡಯಾಬಿಟಿಸ್ ಇಲ್ಲ, ಸುಮ್ನೆ ಸಿಹಿ ಕಮ್ಮಿ ಮಾಡ್ಬೇಕು ಅನ್ನೋರು ಬದಲಿಗೆ ಹೋಗ್ಲೇಬೇಡಿ, ಸಕ್ಕರೆನೇ ಕಮ್ಮಿ ಹಾಕಿ, ನಾಲಿಗೆ ತಾನಾಗೇ ಇಳಿಯುತ್ತೆ. ದಿನಾ ಕೋಲಾ ಕುಡಿಯೋ ಚಟ ಇರೋರು ಕೆಲವು ತಿಂಗಳ ಮಟ್ಟಿಗೆ ಡಯಟ್ ಕೋಲಾಕ್ಕೆ ಬಂದು ಅಲ್ಲಿಂದ ಸೋಡಾ ನಿಂಬೆಗೆ ಬನ್ನಿ. ಡಯಾಬಿಟಿಸ್ ಇದ್ದು ಸಿಹಿ ಇಲ್ಲದ ಕಾಫಿ ಗಂಟಲಲ್ಲಿ ಇಳಿಯಲ್ಲ ಅನ್ನೋ ಹಿರಿಯರಿಗೆ ಒಂದು ಸುಕ್ರಲೋಸ್ ಮಾತ್ರೆ ಕೊಡೋದ್ರಲ್ಲಿ ಏನೂ ತಪ್ಪಿಲ್ಲ, ನಮ್ಮತ್ತೆಗೂ ಹಾಗೇ ಕೊಡ್ತೀನಿ, ವಯಸ್ಸಾದವರ ಬೆಳಗಿನ ಕಾಫಿ ಸಂತೋಷನ ಕಿತ್ಕೊಂಡು ಏನು ಸಾಧಿಸ್ಬೇಕು ಹೇಳಿ. ಮಕ್ಕಳಿಗೆ ಇದ್ಯಾವುದೂ ಬೇಡ, ಅವರ ಹಾಲಿಗೆ ಸಕ್ಕರೆ ಪುಡಿ ಮಾಲ್ಟ್ ಪುಡಿ ಬೆರೆಸೋದನ್ನ ಕಮ್ಮಿ ಮಾಡಿದ್ರೆ ಸಾಕು.

ಅಡುಗೆಲಿ ಇನ್ನೊಂದು ಕಷ್ಟ ಇದೆ. ಸಕ್ಕರೆ ಬರೀ ಸಿಹಿ ಕೊಡಲ್ಲ, ಪಾಕ ಕೊಡುತ್ತೆ. ಮೈಸೂರ್ ಪಾಕ್‌ಗೆ ಒಂದೆಳೆ ಪಾಕ ಬರ್ಬೇಕು, ಚಿಕ್ಕಿಗೆ ಗಟ್ಟಿ ಪಾಕ ಬರ್ಬೇಕು, ಚಿಟಿಕೆ ಸುಕ್ರಲೋಸ್ ನೀರಲ್ಲಿ ಕರಗಿಸಿ ಎಷ್ಟು ಕುದಿಸಿದ್ರೂ ಎಳೆ ಬರಲ್ಲ. ಹೋಳಿಗೆ ಹೂರಣಕ್ಕೆ ಆ ಹದ ಬರೋದೂ ಬೆಲ್ಲದಿಂದಲೇ. ಇಂಥವನ್ನ ಸರಿಯಾಗಿ ಸಕ್ಕರೆ ಬೆಲ್ಲದಲ್ಲೇ ಮಾಡಿ, ಆದ್ರೆ ಚಿಕ್ಕದಾಗಿ ಮಾಡಿ, ಅಂಗೈ ಅಗಲದ ಹೋಳಿಗೆ ಒಂದು, ಊಟದ ಜೊತೆ, ತುಪ್ಪ ಹಾಕ್ಕೊಂಡು ನೆಮ್ಮದಿಯಾಗಿ ತಿನ್ನಿ. ಬದಲಿ ಹೊಂದೋದು ಪಾಕದ ಕೆಲಸ ಇಲ್ಲದ ಕಡೆ, ಹಾಲು ಬತ್ತಿಸಿದ ಪಾಯಸ, ಶ್ರೀಖಂಡ, ಶರಬತ್ತು ಇಂಥದ್ದಕ್ಕೆ. ಅಲ್ಲೂ ಏಲಕ್ಕಿ, ಕೇಸರಿ, ಹುರಿದ ಗೋಡಂಬಿ ಚೆನ್ನಾಗಿ ಹಾಕಿ ಸಕ್ಕರೆ ಮೂರನೇ ಒಂದು ಭಾಗ ಇಳಿಸಿ ನೋಡಿ, ನೆಂಟರಿಗೆ ಗೊತ್ತೇ ಆಗಲ್ಲ. ಮತ್ತೆ ದಯವಿಟ್ಟು ಇದನ್ನ ಮರೀಬೇಡಿ, ಶುಗರ್ ಫ್ರೀ ಹಾಕಿದ ಕೇಸರಿಬಾತ್ ಕೂಡ ರವೆನೇ, ಸಬ್ಬಕ್ಕಿ ಪಾಯಸ ಕೂಡ ಪಿಷ್ಟನೇ, ಅದು ಹೊಟ್ಟೆಗೆ ಹೋಗಿ ಗ್ಲೂಕೋಸೇ ಆಗೋದು. ಅಂಗಡಿ ಶುಗರ್ ಫ್ರೀ ಬಿಸ್ಕೆಟ್ಟು ಮೈದಾ ಮತ್ತೆ ಮಾಲ್ಟಿಟಾಲ್, ಮಾಲ್ಟಿಟಾಲ್ ಗ್ರಾಂಗೆ ಸುಮಾರು 2 ಕ್ಯಾಲೊರಿ ಕೊಡುತ್ತೆ, ಶುಗರ್ ಸ್ವಲ್ಪ ಏರಿಸುತ್ತೆ, ಜಾಸ್ತಿ ತಿಂದ್ರೆ ಹೊಟ್ಟೆ ಉಬ್ಬರ, ಭೇದಿ ಆಗುತ್ತೆ. ಪುಡಿ ಸ್ಯಾಶೆಗಳಲ್ಲೂ ಗಾತ್ರಕ್ಕೆ ಅಂತ ಮಾಲ್ಟೋಡೆಕ್ಸ್‌ಟ್ರಿನ್ ಇಲ್ಲಾ ಡೆಕ್ಸ್‌ಟ್ರೋಸ್ ಬೆರೆಸಿರ್ತಾರೆ, ಇವೂ ಶುಗರ್ ಏರಿಸೋವೇ, ಒಂದು ಸ್ಯಾಶೆಗೆ ಏನೂ ಆಗಲ್ಲ, ದಿನಕ್ಕೆ ಹತ್ತು ಹಾಕೋರು ಮಾತ್ರೆ ಅಥವಾ ಹನಿ ರೂಪದ್ದು ತಗೊಳ್ಳಿ. ಅನುಮಾನ ಇದ್ರೆ ತಿನ್ನೋ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ಗ್ಲುಕೋಮೀಟರಲ್ಲಿ ನೋಡಿ, ಆ ಪದಾರ್ಥ ನಿಮಗೆ ಹೊಂದುತ್ತಾ ಇಲ್ವಾ ಅಂತ ಪ್ಯಾಕೆಟ್ ಮೇಲಿನ ಮಾತಿಗಿಂತ ಅದು ಚೆನ್ನಾಗಿ ಹೇಳುತ್ತೆ.

ಒಂದು ವಿಷಯದಲ್ಲಿ ಮಾತ್ರ ಬದಲಿ ಬೇಡವೇ ಬೇಡ. ಇನ್ಸುಲಿನ್ ತಗೊಳ್ಳೋರು, ಗ್ಲಿಮೆಪಿರೈಡ್ ತರದ ಶುಗರ್ ಇಳಿಸೋ ಮಾತ್ರೆ ತಗೊಳ್ಳೋರು ಮನೇಲಿ ಇದ್ರೆ ಸಕ್ಕರೆ ಡಬ್ಬ ಪೂರ್ತಿ ಖಾಲಿ ಮಾಡ್ಬೇಡಿ. ಊಟ ತಡ ಆಗಿ ಶುಗರ್ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ, ತಲೆ ಸುತ್ತು ಶುರು ಆದ್ರೆ ಆಗ ಬೇಕಾಗೋದು ನಿಜವಾದ ಸಕ್ಕರೆ, ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಏರದಿದ್ರೆ ಇನ್ನೊಂದು ಸಲ ಕೊಡಿ, ಪ್ರಜ್ಞೆ ಇಲ್ಲದವರಿಗೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಗಾಬರಿಲಿ ಕೈಗೆ ಸಿಕ್ಕಿದ ಶುಗರ್ ಫ್ರೀ ಪುಡಿ ಕದಡಿ ಕೊಟ್ರೆ ಅವರ ಶುಗರ್ ಏರೋದೇ ಇಲ್ಲ, ಅದಕ್ಕೆ ಎರಡು ಡಬ್ಬಿನೂ ಅಕ್ಕಪಕ್ಕ ಇಡ್ಬೇಡಿ, ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ, ಹೊರಗೆ ಹೋಗೋವಾಗ ಅವರ ಬ್ಯಾಗಲ್ಲೂ ಒಂದು ಗ್ಲೂಕೋಸ್ ಪ್ಯಾಕೆಟ್ ಹಾಕಿ ಕಳಿಸಿ.