ಗಾಣಕ್ಕೊಂದು ಸೊಲ್ಲಗೆ ಎಣ್ಣೆ

2020ರ ಆಗಸ್ಟ್. ಶಾಲೆಗೆ ಬೀಗ ಬಿದ್ದು ಐದು ತಿಂಗಳಾಗಿತ್ತು. ಸರ್ಕಾರ ‘ವಿದ್ಯಾಗಮ’ ಶುರು ಮಾಡಿ, ಮಕ್ಕಳಿರುವ ಊರಿಗೆ ಮೇಷ್ಟ್ರುಗಳೇ ಹೋಗಿ ಪಾಠ ಮಾಡಬೇಕೆಂದು ಹೇಳಿತ್ತು. ನನ್ನ ಪಾಲಿಗೆ ಬಂದದ್ದು ಕಲಬುರಗಿ ಜಿಲ್ಲೆಯ ಕಾಗಿಣಾ ದಂಡೆಯ ಒಂದು ಸಣ್ಣ ಊರು. ಹನುಮಪ್ಪನ ಗುಡಿ ಕಟ್ಟೆಯೇ ತರಗತಿ. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಗುಡಿಯ ಬಲಮಗ್ಗುಲಲ್ಲಿ ಎದೆಯೆತ್ತರದ ಒಂದು ಚಪ್ಪಟೆ ಕಲ್ಲು ನಿಂತಿತ್ತು. ಪ್ರತಿ ಜಾತ್ರೆಗೆ ಗೋಡೆಯ ಜೊತೆ ಅದಕ್ಕೂ ಸುಣ್ಣ. ಮಕ್ಕಳು ಪಾಟೀಚೀಲಗಳನ್ನು ಅದಕ್ಕೇ ಒರಗಿಸುತ್ತಿದ್ದರು. ಒಂದು ದಿನ ರಾತ್ರಿಯಿಡೀ ಮಳೆ ಹೊಡೆದು ಸುಣ್ಣದ ಪದರು ಹಪ್ಪಳದ ಹಾಗೆ ಎದ್ದುಬಂತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಗ್ಗಿ ನೋಡಿ, “ಟೀಚರ್, ಇದರಾಗ ಶ್ರೀ ಅದ ನೋಡ್ರಿ” ಅಂದಳು. ಅದು ಶ್ರೀ ಅಲ್ಲ, ‘ಸ್ವಸ್ತಿ’ಯ ಸ್ವ. ಆದರೆ ಅಕ್ಷರವೆಂದು ಗುರುತಿಸಿದ್ದು ಅವಳು. ಎಂ.ಎ.ಯಲ್ಲಿ ಶಾಸನಶಾಸ್ತ್ರ ಓದಿದ ನಾನು ಮೂರು ವಾರ ಅದೇ ಕಲ್ಲಿನ ಪಕ್ಕ ನಿಂತು ಹಳಗನ್ನಡ ಪಾಠ ಮಾಡಿದ್ದೆ.

ನಮ್ಮ ಭಾಗದ ಶಾಸನಗಳ ಕತೆ ಸ್ವಲ್ಪ ಬೇರೆ. ಶಾಸನ ಸಂಶೋಧಕ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚು ಹಾಕಿಸುವಾಗ ಕಲಬುರಗಿ, ಬೀದರ್ ನಿಜಾಮರ ರಾಜ್ಯದೊಳಗಿದ್ದವು. ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಹುಟ್ಟಿದ್ದು 1914ರಲ್ಲಿ. ಅದರ ಮೊದಲ ನಿರ್ದೇಶಕ ಗುಲಾಮ್ ಯಜ್ದಾನಿ ಬೀದರಿನ ಸ್ಮಾರಕಗಳ ಮೇಲೆ 1947ರಲ್ಲಿ ದೊಡ್ಡ ಗ್ರಂಥವನ್ನೇ ತಂದರು. ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಒಟ್ಟುಮಾಡಿದ ಪಿ.ಬಿ. ದೇಸಾಯಿಯವರ ಸಂಪುಟ ಬಂದದ್ದು 1958ರಲ್ಲಿ, ನಾವು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಕಳೆದ ಮೇಲೆ. ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಸಂಪುಟಗಳು ಬಂದವು. ಹೀಗೆ ತಡವಾಗಿ ಶುರುವಾದ ಕೆಲಸ ಇನ್ನೂ ಮುಗಿದಿಲ್ಲ. ಹೊಲದ ಬದುವಿನಲ್ಲಿ, ಬಾವಿಯ ಮೆಟ್ಟಿಲಲ್ಲಿ, ಬಟ್ಟೆ ಒಗೆಯುವ ಬಂಡೆಯಲ್ಲಿ ಓದದ ಅಕ್ಷರಗಳು ಈಗಲೂ ಸಿಗುತ್ತವೆ.

ಹಾಗಾಗಿ ಮೊದಲು ಮಾಡಬೇಕಾದ್ದು ಓದುವುದಲ್ಲ, ಈ ಕಲ್ಲನ್ನು ಯಾರಾದರೂ ಆಗಲೇ ಓದಿದ್ದಾರೆಯೇ ಎಂದು ಹುಡುಕುವುದು. ಊರ ಹೆಸರಿನ ಹಳೆಯ ರೂಪ ಹಿಡಿದು ಸಂಪುಟಗಳ ಪಟ್ಟಿ ನೋಡಲು ನನಗೆ ಎರಡು ವಾರ ಹಿಡಿಯಿತು. ಆ ಊರಿನದೇ ಬೇರೊಂದು ವೀರಗಲ್ಲಿನ ಉಲ್ಲೇಖ ಸಿಕ್ಕಿತು, ಈ ಕಲ್ಲು ಎಲ್ಲೂ ಇರಲಿಲ್ಲ.

ಎರಡನೆಯದು ಊರವರನ್ನು ಕೇಳುವುದು. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಇಲ್ಲದೆ ಕೈ ಹಚ್ಚುವಂತಿಲ್ಲ. ಇದು ಸಂರಕ್ಷಿತವಲ್ಲ, ಆದರೆ ಗುಡಿಯ ಕಲ್ಲು, ಊರಿನ ಕಲ್ಲು. ಗುಡಿಯ ಹಿರಿಯರು ಕೂಡಿದ್ದ ಸಂಜೆ ಹೋಗಿ ಕೂತೆ. ಒಬ್ಬ ಮುತ್ಯಾ ನೇರವಾಗಿ ಕೇಳಿದರು: “ನೀವು ಬರಕೊಂಡು ಹೋಗ್ತೀರಿ. ನಾಳಿ ಸರಕಾರದವ್ರು ಬಂದು ಸುತ್ತ ಮನಿ ಕಟ್ಟಬ್ಯಾಡ್ರಿ ಅಂದ್ರ ನಾವೇನ್ ಮಾಡೋದು?” ಅವರ ಭಯ ಸುಳ್ಳಲ್ಲ. 2010ರ ತಿದ್ದುಪಡಿಯಾದ ಮೇಲೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆಯ 200 ಮೀಟರ್ ಅನುಮತಿಯ ವಲಯ. ಆ ನಿಯಮ ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ, ಶಾಸನ ಸಿಕ್ಕ ಪ್ರತಿ ಗುಡಿಗೂ ಅಲ್ಲ ಎಂದು ಕಾಗದ ತೋರಿಸಿ ಹೇಳಿದೆ. ಓದಿದ್ದನ್ನು ಮೊದಲು ಇದೇ ಕಟ್ಟೆಯ ಮೇಲೆ ನಿಮಗೆ ಓದಿ ಹೇಳುತ್ತೇನೆ, ಆಮೇಲೆ ಉಳಿದವರಿಗೆ ಎಂದು ಮಾತು ಕೊಟ್ಟೆ. ಮುತ್ಯಾ ಒಪ್ಪಿದ್ದು ಆ ಮಾತಿಗೆ.

ಸುಣ್ಣ ತೆಗೆಯುವುದು ಹೇಗೆ? ಇಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮಪ್ಪ. ಅವರು ಮೂವತ್ತು ವರ್ಷ ಶಹಾಬಾದ್ ಕಡೆಯ ಗಣಿಯಲ್ಲಿ ಫರಸಿ ಕಲ್ಲು ಎಬ್ಬಿಸಿದವರು. ಕಲ್ಲನ್ನು ಬೆರಳಿನ ಗಿಣ್ಣಿನಿಂದ ತಟ್ಟಿ ಸದ್ದು ಕೇಳಿ, “ಇದು ನಮ್ಮ ಫರಸಿನೇ. ಪದರು ಪದರು ಅದ. ತಂತಿ ಬ್ರಶ್ ಹಚ್ಚಿದ್ರ ಅಕ್ಷರದ ಮ್ಯಾಗಿನ ಪದರು ಬರ್ತದ, ಹುಷಾರ್” ಅಂದರು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಫರಸಿ ನೆಲದ ಮೇಲೆ ಲಿಂಬೆರಸ ಬಿದ್ದರೆ ಹೊಳಪು ಹೋಗಿ ಬಿಳಿ ಕಲೆ ಕೂಡುತ್ತದೆ. ಅದು ಸುಣ್ಣದ ಕಲ್ಲು, ಹುಳಿ ತಾಗಿದರೆ ಕರಗುತ್ತದೆ. ನೆರೆಯ ಒಂದು ಊರಿನಲ್ಲಿ ಜೀರ್ಣೋದ್ಧಾರದ ಉತ್ಸಾಹದಲ್ಲಿ ಬಚ್ಚಲು ತೊಳೆಯುವ ಆ್ಯಸಿಡ್ ಸುರಿದು ಇಂಥದ್ದೇ ಒಂದು ಕಲ್ಲನ್ನು ‘ಫಳಫಳ’ ಮಾಡಿದ್ದರು. ನಾನು ಹೋಗುವಷ್ಟರಲ್ಲಿ ಮೇಲ್ಗಡೆ ಸೂರ್ಯ, ಚಂದ್ರ, ಆಕಳು, ಕರು ಮಾತ್ರ ಉಳಿದಿದ್ದವು. ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಸಾಲುಗಳು ಇದ್ದ ಗುರುತು, ಓದಲು ಒಂದು ಪದವಿಲ್ಲ. ಆ ದಿನ ಬಸ್ಸಿನಲ್ಲಿ ಮನೆಗೆ ಬರುವ ತನಕ ನನಗೆ ಮಾತು ಹೊರಡಲಿಲ್ಲ. ಮಾಡಿದವರು ಕೆಟ್ಟವರಲ್ಲ, ದೇವರ ಕೆಲಸವೆಂದೇ ಮಾಡಿದವರು. ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ ಎಂಬುದೇ ನನಗೆ ಇವತ್ತಿಗೂ ಸಂಕಟ.

ನಾವು ಬರೀ ನೀರು ಬಳಸಿದೆವು. ಒದ್ದೆ ಗೋಣಿ ಹೊದಿಸಿ ಒಂದು ತಾಸು ಬಿಡುವುದು, ಸುಣ್ಣ ಮೆತ್ತಗಾದ ಮೇಲೆ ಮೆದುವಾದ ಬ್ರಶ್ಶಿನಿಂದ, ಬಿದಿರಿನ ಕಡ್ಡಿಯಿಂದ ಬಿಡಿಸುವುದು. ನಾಲ್ಕು ಭಾನುವಾರ ಹಿಡಿಯಿತು. ಮಾಸ್ಕ್ ಹಾಕಿಕೊಂಡ ಆರು ಮಕ್ಕಳು, ನಾನು, ನಮ್ಮಪ್ಪ.

ಆಮೇಲೆ ಪಡಿಯಚ್ಚು. ನೀರು ಕುಡಿದರೂ ಹರಿಯದ ಕಾಗದವನ್ನು ಒದ್ದೆ ಕಲ್ಲಿನ ಮೇಲೆ ಹಾಸಿ, ಗಾಳಿಗುಳ್ಳೆ ಉಳಿಯದ ಹಾಗೆ ಬ್ರಶ್ಶಿನಿಂದ ಬಡಿಯುತ್ತಾ ಬಂದರೆ ಕಾಗದ ಅಕ್ಷರದ ಕುಳಿಯೊಳಗೆ ಇಳಿಯುತ್ತದೆ. ಅರೆ ಒಣಗಿದಾಗ, ಹತ್ತಿ ತುಂಬಿ ಬಟ್ಟೆ ಬಿಗಿದ ಗುಂಡಿಗೆ ಮಸಿ ತಾಗಿಸಿ ಮೇಲಿಂದ ಮೇಲೆ ತಟ್ಟಬೇಕು. ಉಬ್ಬು ಕಪ್ಪಾಗುತ್ತದೆ, ಕೆತ್ತಿದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಡೀ ವಿದ್ಯೆ ಇರುವುದು ‘ಅರೆ ಒಣಗಿದಾಗ’ ಅನ್ನುವ ಮಾತಿನಲ್ಲಿ. ನನ್ನ ಮೊದಲ ಪ್ರತಿಯಲ್ಲಿ ಅವಸರ ಮಾಡಿದೆ. ಹಸಿ ಕಾಗದದೊಳಗಿಂದ ಮಸಿ ಇಳಿದು ಕಲ್ಲಿನ ಅಂಚಿಗೆ ಅಂಗೈಯಗಲ ಕಲೆ ಮಾಡಿತು. ತೊಳೆದರೂ ಅದು ಪೂರ್ತಿ ಹೋಗಿಲ್ಲ. ಇದನ್ನು ಕಲಿಯುವವರು ಬೀಸುವ ಕಲ್ಲಿನ ಮೇಲೆ, ಹಳೆಯ ಫರಸಿಯ ಮೇಲೆ ಹತ್ತು ಸಲ ಕೈ ಪಳಗಿಸಿಕೊಂಡೇ ಶಾಸನಕ್ಕೆ ಹೋಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಚ್ಚಿನಲ್ಲಿ ಬಾರದ ಅಕ್ಷರಗಳು ಕತ್ತಲಲ್ಲಿ ಬಂದವು. ರಾತ್ರಿ ಎಂಟರ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿನಿಂದ, ಮೈಗೆ ತಾಗಿಸಿದ ಹಾಗೆ ಹಿಡಿದರೆ ಸವೆದ ಗೆರೆಗೂ ನೆರಳು ಬೀಳುತ್ತದೆ. ಎಡದಿಂದ ಹಿಡಿದಾಗ ಕಾಣದ್ದು ಬಲದಿಂದ ಕಾಣುತ್ತದೆ. ಸೀಮೆಸುಣ್ಣ ತಿಕ್ಕಿ ಓದುವ ಅಭ್ಯಾಸ ಕೆಲವರಿಗಿದೆ. ಅದರಲ್ಲಿ ಕಲ್ಲು ಸವೆಯುತ್ತದೆ, ಅಷ್ಟೇ ಅಲ್ಲ, ನಾವು ಅಂದುಕೊಂಡ ಅಕ್ಷರವನ್ನೇ ತಿಕ್ಕಿ ಮೂಡಿಸಿಬಿಡುತ್ತೇವೆ.

ಓದುವಾಗ ಮೊದಲ ಸಾಲುಗಳು ಕೈ ಹಿಡಿದವು. ಕಲ್ಯಾಣದ ಚಾಲುಕ್ಯರ ಶಾಸನಗಳ ಶುರು ಹೆಚ್ಚುಕಡಿಮೆ ಒಂದೇ: “ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ…” ಗೊತ್ತಿರುವ ಈ ಮಾತಿನಿಂದ ಆ ಲಿಪಿಕಾರನ ಕೈ ಕಲಿತರೆ, ಅವನ ಮ ಹೇಗೆ, ವ ಹೇಗೆ ಎಂದು ಪಟ್ಟಿ ಮಾಡಿಕೊಂಡರೆ, ಗೊತ್ತಿಲ್ಲದ ಸಾಲಿಗೆ ಅದೇ ಕೀಲಿಕೈ. ಮಕ್ಕಳು ನೋಟ್‌ಬುಕ್ಕಿನಲ್ಲಿ ಒಂದೊಂದು ಅಕ್ಷರದ ಪುಟ ಮಾಡಿದರು. ಈಗ ಬಳಕೆಯಲ್ಲಿಲ್ಲದ ಱ, ೞ ಅವರಿಗೆ ಬಲು ಇಷ್ಟವಾದವು. ತ್ರಿಭುವನಮಲ್ಲದೇವ ಎಂಬ ಹೆಸರು ಬಂತು, ಅಂದರೆ ಆರನೆಯ ವಿಕ್ರಮಾದಿತ್ಯ. ಅದರ ಕೆಳಗೆ ‘ಚಾಳುಕ್ಯವಿಕ್ರಮವರ್ಷದ 45ನೆಯ ಶಾರ್ವರಿ ಸಂವತ್ಸರ’, ‘ಉತ್ತರಾಯಣ ಸಂಕ್ರಾಂತಿ’. ತಿಥಿ, ವಾರ ಸವೆದಿದ್ದವು. ವಿಕ್ರಮವರ್ಷದ ಎಣಿಕೆ ಅವನು ಪಟ್ಟಕ್ಕೆ ಬಂದ 1076ರಿಂದ ಶುರು, ಅದೇ ಮೊದಲ ವರ್ಷ, ಹಾಗಾಗಿ 45 ಅಂದರೆ 1120. ಆ ವರ್ಷ ಶಾರ್ವರಿ ಹೌದೇ ಎಂದು ತಾಳೆ ನೋಡಲು ಗುಡಿಯ ಪೂಜಾರಿ ಕಾಕಾ ಪಂಚಾಂಗ ತಂದರು. ಪುಟ ತೆಗೆದವರು ಹಾಗೇ ನಿಂತುಬಿಟ್ಟರು. “ಟೀಚರ್, ಈಗ ನಡದದ್ದೂ ಶಾರ್ವರಿನೇ ಅದರಿ.” ಲಾಕ್‌ಡೌನ್ ಶುರುವಾದ ದಿನವೇ ಬಂದ ಯುಗಾದಿಯಿಂದ ಶಾರ್ವರಿ ನಡೆದಿತ್ತು. ಅರವತ್ತು ಸಂವತ್ಸರಗಳ ಚಕ್ರ ಹದಿನೈದು ಸುತ್ತು, ಸರಿಯಾಗಿ 900 ವರ್ಷ.

ಹಾಗಾಗಿ ಸಂಕ್ರಾಂತಿಯ ದಿನವೇ ಓದಿ ಹೇಳುವುದೆಂದಾಯಿತು. ಆ ವರ್ಷ ಎಳ್ಳಮಾವಾಸ್ಯೆಯ ಬೆನ್ನಿಗೇ ಸಂಕ್ರಾಂತಿ. ಹೊಲಕ್ಕೆ ಚರಗ ಚೆಲ್ಲಿ ಬಂದ ಭಜ್ಜಿ ರೊಟ್ಟಿಯ ಬುತ್ತಿ ಇನ್ನೂ ಮನೆಮನೆಯಲ್ಲಿತ್ತು. ಹೊಳೆಯಲ್ಲಿ ಮಿಂದು ಬಂದ ಮಂದಿ ಕಟ್ಟೆಯ ಮುಂದೆ ಕೂತರು. ಆ ಹುಡುಗಿ ಒಂದೊಂದು ಸಾಲು ಓದಿದಳು, ನಾನು ಈಗಿನ ಮಾತಿನಲ್ಲಿ ಬಿಡಿಸಿದೆ. ರಾಜನ ಬಿರುದುಗಳಿಗೆ ಯಾರೂ ಅಲುಗಲಿಲ್ಲ. ದೇವರಿಗೆ ಮತ್ತರು ಎಂಬ ಆಗಿನ ಅಳತೆಯಲ್ಲಿ ಬಿಟ್ಟ ಭೂಮಿಯ ಎಲ್ಲೆ ಬಂದಾಗ ಗಂಡಸರು ಎದ್ದು ನಿಂತರು. ಮೂಡಲಿಗೆ ಹಳ್ಳ, ತೆಂಕಲಿಗೆ ಬಸದಿಯ ಕೆಯ್, ಅಂದರೆ ಹೊಲ. “ಆ ಹಳ್ಳ ನಮ್ಮ ಹೊಲದ್ದೇ ಅದ” ಎಂದು ಒಬ್ಬರು, ಅಲ್ಲ ಅದು ಆಚೆಯದು ಎಂದು ಇನ್ನೊಬ್ಬರು. ನಂದಾದೀವಿಗೆಗೆ ಊರ ತೆಲ್ಲಿಗರು ‘ಗಾಣಕ್ಕೊಂದು ಸೊಲ್ಲಗೆ ಎಣ್ಣೆ’ ಬಿಟ್ಟರು ಎಂಬ ಸಾಲು ಬಂತು. ಸೊಲ್ಲಗೆ ಆಗಿನ ಒಂದು ಸಣ್ಣ ಅಳತೆ. ತೆಲ್ಲಿಗರು ಅಂದರೆ ಗಾಣಿಗರು ಎಂದು ನಾನು ಹೇಳುವ ಮೊದಲೇ ಹಿಂದೆ ಕೂತಿದ್ದ ಒಬ್ಬ ಆಯಿ ಎದ್ದರು. ಊರಲ್ಲಿ ಉಳಿದಿರುವುದು ಅವರದೊಂದೇ ಗಾಣಿಗರ ಮನೆ. ಗಾಣ ನಿಂತು ನಲವತ್ತು ವರ್ಷವಾಗಿದೆ. “ಯಾರು ಕೊಟ್ರಂತ ಹೆಸರು ಅದ ಏನವ್ವ?” ಅಂದರು. ಹೆಸರುಗಳು ಕೆಳಗಿನ ಸಾಲುಗಳಲ್ಲಿರಬಹುದು, ಆ ಭಾಗ ಮಣ್ಣಿನೊಳಗಿದೆ ಅಂದೆ.

ಅಗೆದು ನೋಡೋಣ ಎಂದು ಹುಡುಗರು ಸಲಿಕೆ ತರಲು ಹೊರಟರು. ತಡೆದೆ. ಕಲ್ಲು ನಿಂತ ಮಣ್ಣೂ ದಾಖಲೆಯೇ. ಬುಡದಲ್ಲಿ ಯಾವ ಪದರಿನಲ್ಲಿ ಏನಿದೆ ಎಂದು ಬರೆದುಕೊಳ್ಳದೆ ಅಗೆದರೆ, ಕಲ್ಲು ಮೊದಲಿಂದ ಅಲ್ಲೇ ಇತ್ತೋ ಎಲ್ಲಿಂದಲೋ ತಂದು ನಿಲ್ಲಿಸಿದ್ದೋ ಎಂಬುದು ಮತ್ತೆಂದೂ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯದೇ ಸನ್ನತಿಯನ್ನು ನೋಡಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದ ಮೇಲೆ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು 1989ರಲ್ಲಿ ಗೊತ್ತಾಯಿತು. ಮೂರ್ತಿ ಕೂಡಿಸಲು ನಡುವೆ ತೂತು ಕೊರೆದಿದ್ದರಿಂದ ಅಕ್ಷರ ಹೋಗಿವೆ. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ಪದರು ಪದರಾಗಿ ಅಗೆದದ್ದರಿಂದಲೇ ಇಡೀ ಸ್ತೂಪದ ರೂಪ ತಿಳಿಯಿತು, ‘ರಾಯ ಅಸೋಕ’ ಎಂದು ಹೆಸರು ಕೆತ್ತಿದ ರಾಜನ ಶಿಲ್ಪ ಸಿಕ್ಕಿತು. ಇಷ್ಟು ಹೇಳಿದ ಮೇಲೆ ಸಲಿಕೆ ಮನೆಗೆ ಹೋಯಿತು.

ಊರಿನ ಹೆಸರು ಯಾಕೆ ಬರೆಯುವುದಿಲ್ಲ ಅಂದರೆ ನಿಧಿಗಳ್ಳರು. ಶಾಸನವೆಂದರೆ ಹೊನ್ನಿನ ಗುರುತು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನಾನು ನೋಡಿದ ಒಂದು ಶಾಸನದಲ್ಲೂ ಹೂತ ನಿಧಿಯ ಮಾತಿಲ್ಲ. ಇರುವುದು ಭೂಮಿ, ಎಣ್ಣೆ, ಕೆರೆ, ಸತ್ತ ವೀರ, ಕೊನೆಗೆ ದಾನ ಅಳಿದವನಿಗೆ ಶಾಪ. ಪತ್ರಿಕೆಗೆ ಬರೆಯುವಾಗ ನಾನು ತಾಲ್ಲೂಕಿಗಿಂತ ಹೆಚ್ಚಿನ ಗುರುತು ಕೊಡುವುದಿಲ್ಲ. ಪೂರ್ತಿ ವಿವರ, ಫೋಟೊ, ಅಳತೆ ಪುರಾತತ್ವ ಇಲಾಖೆಗೆ ಮತ್ತು ಗ್ರಾಮ ಪಂಚಾಯಿತಿಗೆ ಕೊಡುತ್ತೇನೆ.

ಓದಿದ ಮೇಲೆ ನಾನು ಎಣಿಸದ ಒಂದು ತೊಡಕು ಬಂತು. ತಿಂಗಳು ಬಿಟ್ಟು ಹೋದರೆ ಕಲ್ಲಿಗೆ ಕುಂಕುಮ, ಎಣ್ಣೆ, ಮಾಲೆ. ಎಣ್ಣೆ ಧೂಳು ಹಿಡಿದು ಅಕ್ಷರದೊಳಗೆ ಗಟ್ಟಿಯಾಗುತ್ತದೆ. ಪೂಜೆ ಮಾಡಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ, ಅದು ಅವರ ಪ್ರೀತಿ. ಗಾಣಿಗರ ಆಯಿಯ ಜೊತೆ ಕೂತು ಮಾತಾಡಿದೆ. ಶಾಸನದಲ್ಲಿ ಎಣ್ಣೆ ಕೊಟ್ಟದ್ದು ದೀಪಕ್ಕಲ್ಲವೇ ಎಂದು ಅವರೇ ದಾರಿ ಹೇಳಿದರು. ಕಲ್ಲಿನಿಂದ ಐದಾರು ಮೊಳ ದೂರ, ಗುಡಿಯ ಗೋಡೆಯಲ್ಲಿದ್ದ ಹಳೆಯ ಗೂಡಿನಲ್ಲಿ ದೀಪ ಇಡುವುದು, ಕಲ್ಲಿಗೆ ಹೂವು ಮಾತ್ರ.

ಈ ಕೆಲಸ ಹೊಟ್ಟೆಪಾಡಾಗುತ್ತದೆಯೇ ಎಂದು ಹುಡುಗರು ಕೇಳುತ್ತಾರೆ. ಹುದ್ದೆಗಳು ಕಡಿಮೆ ಎಂದೇ ಹೇಳುತ್ತೇನೆ. ಇತಿಹಾಸ, ಪುರಾತತ್ವ ಅಥವಾ ಕನ್ನಡ ಎಂ.ಎ. ಆದವರಿಗೆ ರಾಜ್ಯದ ಪುರಾತತ್ವ ಇಲಾಖೆ, ವಸ್ತುಸಂಗ್ರಹಾಲಯಗಳು, ಕಾಲೇಜುಗಳು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ, ಅರಬ್ಬಿ ಮತ್ತು ಪಾರ್ಸಿ ಶಾಸನಗಳದ್ದು ನಾಗಪುರದಲ್ಲಿ. ಒಂದು ಮಾತು ನಮ್ಮ ಜಿಲ್ಲೆಯ ಮಕ್ಕಳಿಗೆ ಒತ್ತಿ ಹೇಳುತ್ತೇನೆ. ಬಹಮನಿ ಸುಲ್ತಾನರ ಕಲಬುರಗಿ, ಬೀದರಿನ ಗೋಡೆ, ಗೋರಿ, ಬಾವಿಗಳ ಮೇಲಿನ ಬರಹ ಪಾರ್ಸಿ, ಅರಬ್ಬಿಯದು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳು ನಮ್ಮಲ್ಲಿ ಪ್ರತಿ ಓಣಿಯಲ್ಲಿದ್ದಾರೆ. ಎರಡೂ ಕಡೆಯ ಕಲ್ಲು ಓದಬಲ್ಲ ಒಬ್ಬರು ತಯಾರಾದರೆ ಈ ಭಾಗದ ಚರಿತ್ರೆಗೆ ಅದು ದೊಡ್ಡ ಬಲ. ನನ್ನ ಆರು ಮಕ್ಕಳಲ್ಲಿ ಒಬ್ಬ ಹುಡುಗ ಈಗ ಅಜ್ಜನ ಹತ್ತಿರ ಪಾರ್ಸಿ ಕಲಿಯುತ್ತಿದ್ದಾನೆ. ಮೊದಲ ಅಕ್ಷರ ಕಂಡ ಹುಡುಗಿ ಬಿ.ಎ.ಗೆ ಇತಿಹಾಸ ತೆಗೆದುಕೊಂಡಿದ್ದಾಳೆ.

ಕಲ್ಲಿನ ಬುಡ ಬಿಡಿಸಿ ಕೊಡಬೇಕೆಂದು ಪಂಚಾಯಿತಿಯ ಠರಾವಿನ ಜೊತೆ ಅರ್ಜಿ ಕೊಟ್ಟಿದ್ದೇವೆ. ಆ ಊರಿನ ಬಸ್ಸಿಳಿದರೆ ಗಾಣಿಗರ ಮನೆ ದಾಟಿಯೇ ಗುಡಿಗೆ ಹೋಗಬೇಕು. ಹೋದ ಸಲವೂ ಆಯಿ ಹೊರಗೆ ಕೂತು ಬತ್ತಿ ಹೊಸೆಯುತ್ತಿದ್ದರು. ಚಹಾ ಕುಡಿದು ಹೋಗು ಅಂದರು. ಲೋಟ ಕೈಗೆ ಕೊಟ್ಟು, “ಹೆಸರು ಸಿಕ್ಕಾವೇನವ್ವ?” ಎಂದು ಕೇಳಿದರು.

“ಇನ್ನೂ ಇಲ್ಲ ಆಯಿ” ಅಂದೆ.