ಗಾವಾ ಬಟ್ಟಲಿನ ಮುಂದೆ ಏಲಕ್ಕಿ ವ್ಯಾಪಾರ

ಸಕಲೇಶಪುರ ಮತ್ತು ಮಡಿಕೇರಿ ಕಡೆಯ ತೋಟಗಳಿಂದ ಏಲಕ್ಕಿ ಕೊಂಡು, ಗ್ರೇಡ್ ಮಾಡಿಸಿ, ಸೌದಿ ಅರೇಬಿಯಾದ ಸಗಟು ವ್ಯಾಪಾರಿಗಳಿಗೆ ಕಳುಹಿಸುವುದು ನನ್ನ ಉದ್ಯೋಗ. ಅಲ್ಲಿಗೆ ಹೋಗುವ ಏಲಕ್ಕಿಯ ಬಹುಪಾಲು ಸೇರುವುದು ಗಾವಾ ಎಂಬ ಅರಬ್ಬಿ ಕಾಫಿಗೆ. ಈ ಮಾರುಕಟ್ಟೆಯಲ್ಲಿ ನಮ್ಮ ದೊಡ್ಡ ಪ್ರತಿಸ್ಪರ್ಧಿ ಗ್ವಾಟೆಮಾಲಾ. ಅಲ್ಲಿಯ ಕಾಯಿ ಸಾಮಾನ್ಯವಾಗಿ ನಮ್ಮದಕ್ಕಿಂತ ಅಗ್ಗ. ಹಾಗಿದ್ದೂ ನಮ್ಮ ಮಾಲನ್ನು ಕೇಳಿ ಕೊಳ್ಳುವವರು ಕಾಯಿಯ ಗುಣದ ಜೊತೆಗೆ ಮಾರುವವನ ನಡತೆಯನ್ನೂ ನೋಡುತ್ತಾರೆ. ಆದ್ದರಿಂದ ಅಲ್ಲಿನ ರೀತಿ ರಿವಾಜುಗಳನ್ನು ನಾನು ಗ್ರೇಡಿಂಗ್‌ನಷ್ಟೇ ಶ್ರದ್ಧೆಯಿಂದ ಕಲಿತಿದ್ದೇನೆ.

ಮೊದಲು ಸರಿಪಡಿಸಿಕೊಂಡದ್ದು ಕ್ಯಾಲೆಂಡರನ್ನು. ಸೌದಿಯಲ್ಲಿ 2013ರಿಂದ ಶುಕ್ರವಾರ ಮತ್ತು ಶನಿವಾರ ವಾರದ ರಜೆ. ಭಾನುವಾರ ಅವರಿಗೆ ವಾರದ ಮೊದಲ ಕೆಲಸದ ದಿನ. ದುಬೈನಲ್ಲಿ 2022ರಿಂದ ಶನಿವಾರ, ಭಾನುವಾರ ರಜೆಯಾಗಿ, ಸರ್ಕಾರಿ ಕಚೇರಿಗಳು ಶುಕ್ರವಾರ ಅರ್ಧ ದಿನ ನಡೆಯುತ್ತವೆ. ಎರಡೂ ಕಡೆ ಗಿರಾಕಿಗಳಿರುವವರು ಈ ವ್ಯತ್ಯಾಸವನ್ನು ನೆನಪಿಡಲೇಬೇಕು. ನಾನು ಭಾನುವಾರ ಕಚೇರಿ ತೆರೆದಿರುತ್ತೇನೆ, ರಿಯಾದ್ ನಮಗಿಂತ ಎರಡೂವರೆ ಗಂಟೆ ಹಿಂದಿರುವುದರಿಂದ ಮಧ್ಯಾಹ್ನದ ನಂತರವೇ ಫೋನ್ ಮಾಡುತ್ತೇನೆ. ಭೇಟಿಯ ಸಮಯವನ್ನು ಗಂಟೆಯ ಲೆಕ್ಕಕ್ಕಿಂತ ನಮಾಜಿನ ಲೆಕ್ಕದಲ್ಲಿ ಕೇಳುವುದು ಉತ್ತಮ: "ಅಸರ್ ಆದ ಮೇಲೆ ಬರಲೇ, ಇಶಾ ಆದ ಮೇಲೆ ಬರಲೇ?" ಎಂದು, ಅಂದರೆ ಸಂಜೆಗೆ ಮುಂಚಿನ ನಮಾಜಿನ ನಂತರವೋ ರಾತ್ರಿಯ ನಮಾಜಿನ ನಂತರವೋ ಎಂದು ಕೇಳಿದರೆ ಎದುರಿನವರಿಗೆ ಅನುಕೂಲವಾಗುತ್ತದೆ, ಮಾತು ಅರ್ಧಕ್ಕೆ ನಿಲ್ಲುವುದೂ ತಪ್ಪುತ್ತದೆ.

ರಂಜಾನ್ ವಿಷಯ ಇನ್ನೂ ಮುಖ್ಯ. ಆ ತಿಂಗಳು ಉಪವಾಸವಿರುವ ನೌಕರರ ಕೆಲಸದ ಅವಧಿ ದಿನಕ್ಕೆ ಆರು ಗಂಟೆಗೆ ಇಳಿಯುತ್ತದೆ, ವ್ಯವಹಾರದ ಮಾತುಕತೆ ರಾತ್ರಿಗೆ ಸರಿಯುತ್ತದೆ. ಆದರೆ ಗಾವಾ ಸೇವನೆ ಹೆಚ್ಚುವುದರಿಂದ ಏಲಕ್ಕಿಯ ಖರೀದಿ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಚಂದ್ರನ ಲೆಕ್ಕದ ಇಸ್ಲಾಮಿ ವರ್ಷವಾದ ಹಿಜರಿ ನಮ್ಮ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ರಂಜಾನ್ ಪ್ರತಿ ವರ್ಷ ಅಷ್ಟು ಹಿಂದಕ್ಕೆ ಬರುತ್ತದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲಿ ಮತ್ತೊಮ್ಮೆ ಆರಂಭವಾಗಲಿದೆ. ಅಂದರೆ ಆ ಹಬ್ಬದ ಬೇಡಿಕೆ ಈಗ ವರ್ಷದಿಂದ ವರ್ಷಕ್ಕೆ ನಮ್ಮ ಕೊಯ್ಲಿನ ತಿಂಗಳುಗಳೊಳಗೆ ನುಗ್ಗುತ್ತಿದೆ. ಹೊಸ ಕಾಯಿ ಡ್ರೈಯರ್‌ನಿಂದ ಹೊರಬರುತ್ತಿರುವಾಗಲೇ ಲೋಡ್ ಹೊರಡಬೇಕಾಗುತ್ತದೆ ಎಂಬುದನ್ನು ನಾನು ಬೆಳೆಗಾರರಿಗೆ ಈಗಿನಿಂದಲೇ ಹೇಳುತ್ತಿದ್ದೇನೆ.

ಇನ್ನು ಭೇಟಿ. ಕೋಣೆಗೆ ಹೋದ ಕೂಡಲೇ ಅಲ್ಲಿರುವ ಹಿರಿಯರಿಗೆ ಮೊದಲು ಸಲಾಂ ಹೇಳಿ, ಆಮೇಲೆ ಉಳಿದವರ ಕೈಕುಲುಕುತ್ತೇನೆ. ಮಹಿಳಾ ಅಧಿಕಾರಿಗಳಿದ್ದರೆ ಅವರಾಗಿ ಕೈ ಚಾಚದ ಹೊರತು ನನ್ನ ಬಲಗೈಯನ್ನು ಎದೆಯ ಮೇಲಿಟ್ಟು ವಂದಿಸುತ್ತೇನೆ. ಮನೆಮಂದಿಯ ಕ್ಷೇಮ ಕೇಳಬೇಕು, ಆದರೆ ಹೆಂಡತಿಯನ್ನು ಪ್ರತ್ಯೇಕವಾಗಿ ವಿಚಾರಿಸುವುದು ಅಲ್ಲಿ ಸಲ್ಲದು. ಹಿರಿಯ ಮಗನ ಹೆಸರು ಖಾಲಿದ್ ಆಗಿದ್ದರೆ ತಂದೆಯನ್ನು ಬಲ್ಲವರು ಅಬು ಖಾಲಿದ್ ಎಂದೇ ಕರೆಯುತ್ತಾರೆ. ಪರಿಚಯ ಬೆಳೆದ ಮೇಲೆ ಹಾಗೆ ಕರೆಯುವುದು ಗೌರವ. ಕುಳಿತಾಗ ಅಂಗಾಲು ಯಾರ ಕಡೆಗೂ ತಿರುಗಬಾರದು. ಇವೆಲ್ಲ ಒಂದೆರಡು ಭೇಟಿಯಲ್ಲಿ ರೂಢಿಯಾಗುವ ಸಂಗತಿಗಳು. ನಿಜವಾದ ಗಮನ ಬೇಕಾಗಿರುವುದು ಗಾವಾ ಬಂದಾಗ.

ಗಾವಾ ಎಂದರೆ ನಮ್ಮ ಫಿಲ್ಟರ್ ಕಾಫಿಯಲ್ಲ. ರಿಯಾದ್ ಕಡೆಯಲ್ಲಿ ಬೀಜವನ್ನು ತೀರಾ ಕಡಿಮೆ ಹುರಿಯುವುದರಿಂದ ಬಣ್ಣ ತಿಳಿ ಹಳದಿ. ಹಾಲಿಲ್ಲ, ಸಕ್ಕರೆಯಿಲ್ಲ, ಜೊತೆಗೆ ಖರ್ಜೂರ. ಕೆಲವು ಮನೆಗಳಲ್ಲಿ ಕಾಫಿಪುಡಿಯಷ್ಟೇ ಏಲಕ್ಕಿ ಹಾಕುತ್ತಾರೆ. ಬಡಿಸುವವನು ನಿಂತುಕೊಂಡು ದಲ್ಲಾ ಎಂಬ ಕೊಕ್ಕಿನ ಹೂಜಿಯನ್ನು ಎಡಗೈಯಲ್ಲಿ ಹಿಡಿದು, ಹಿಡಿಯಿಲ್ಲದ ಪುಟ್ಟ ಬಟ್ಟಲನ್ನು ಬಲಗೈಯಿಂದ ಕೊಡುತ್ತಾನೆ. ಬಟ್ಟಲಿನ ತಳದಲ್ಲಿ ಕಾಲು ಭಾಗದಷ್ಟೇ ಕಾಫಿ ಇರುತ್ತದೆ. ಇದನ್ನು ಜಿಪುಣತನವೆಂದು ಎಣಿಸಬಾರದು. ತುಂಬಿಸಿ ಕೊಡುವುದೇ ಅಲ್ಲಿ "ಕುಡಿದು ಹೊರಡಿ" ಎಂದಂತೆ. ಬಲಗೈಯಲ್ಲಿ ತೆಗೆದುಕೊಂಡು ಕುಡಿದರೆ ಮತ್ತೆ ಹಾಕುತ್ತಾನೆ. ಸಾಕೆನಿಸಿದಾಗ ಬಟ್ಟಲನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಅತ್ತಿತ್ತ ಅಲುಗಿಸಿ ಹಿಂದಿರುಗಿಸಬೇಕು. ಮೊದಲ ಬಟ್ಟಲನ್ನೇ ಬೇಡವೆನ್ನುವುದು ನಮ್ಮ ಮಲೆನಾಡಿನಲ್ಲಿ ಬೆಲ್ಲ ನೀರನ್ನು ಮುಟ್ಟದೆ ಎದ್ದುಹೋದಂತೆ. ಅತಿಥಿ ಕಾಫಿ ಕುಡಿಯದೆ ಬಟ್ಟಲನ್ನು ಮುಂದಿಟ್ಟು ಕುಳಿತರೆ ಅವನಿಗೆ ಏನೋ ಬೇಡಿಕೆಯಿದೆಯೆಂದು ತಿಳಿಯುವ ಹಳೆಯ ಪದ್ಧತಿಯೂ ಅರಬರಲ್ಲಿದೆ. ಈ ಕಾಫಿಯ ಸಂಪ್ರದಾಯವನ್ನು ಯುನೆಸ್ಕೊ 2015ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಫಿ ಸುತ್ತು ಬರುತ್ತಿರುವಾಗ ನಾನು ದರದ ಮಾತೆತ್ತುವುದಿಲ್ಲ. ಮಳೆ ಹೇಗಾಯಿತು, ಈ ವರ್ಷ ಕಾಯಿ ಹೇಗೆ ಕಚ್ಚಿದೆ ಎಂಬುದನ್ನು ಮಾತ್ರ ಹೇಳುತ್ತೇನೆ. ಸ್ಯಾಂಪಲ್ ನೋಡಬೇಕೆಂದು ಅವರೇ ಕೇಳಿದಾಗ ಪೊಟ್ಟಣ ಬಿಚ್ಚಿ ಬಿಳಿ ತಟ್ಟೆಯ ಮೇಲೆ ಹರಡುತ್ತೇನೆ. ನುರಿತ ವ್ಯಾಪಾರಿ ಮೊದಲು ಒಂದು ಹಿಡಿ ಎತ್ತಿ ಹಸಿರು ಒಂದೇ ಸಮವಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. 8 ಮಿಲಿಮೀಟರ್ ದಪ್ಪದ ಕಾಯಿಗೂ 7ರ ಕಾಯಿಗೂ ಇರುವ ಅಂತರ ಅವರ ಬೆರಳಿಗೇ ಗೊತ್ತು. ಆಮೇಲೆ ಉಗುರಿನಿಂದ ಸಿಪ್ಪೆ ಸೀಳಿ, ಬೀಜ ಕಪ್ಪಾಗಿ, ಅಂಟಂಟಾಗಿ, ಸಿಪ್ಪೆಯೊಳಗೆ ತುಂಬಿಕೊಂಡಿದೆಯೇ ಎಂದು ಪರೀಕ್ಷಿಸುತ್ತಾರೆ. ಒಬ್ಬ ಹಿರಿಯ ಗಿರಾಕಿ ನನ್ನ ಸ್ಯಾಂಪಲನ್ನು ಅಲ್ಲೇ ಕುಟ್ಟಿಸಿ, ಹೊಸದಾಗಿ ಗಾವಾ ಮಾಡಿಸಿ, ಮೊದಲ ಬಟ್ಟಲನ್ನು ನನಗೇ ಕೊಡಿಸಿದರು. ಆ ಮೌನದ ಕೆಲವು ನಿಮಿಷಗಳನ್ನು ಮಾತಿನಿಂದ ತುಂಬುವ ಅಗತ್ಯವಿಲ್ಲ. ನಮ್ಮ ಕಡೆಯ ವ್ಯಾಪಾರಿಗಳು ಅಂಥ ಹೊತ್ತಿನಲ್ಲಿ ರಿಯಾಯಿತಿ ಘೋಷಿಸಿಬಿಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅದರಿಂದ ಬೆಳೆಗಾರನಿಗೆ ಸಲ್ಲಬೇಕಾದ ದುಡ್ಡು ಕಾರಣವಿಲ್ಲದೆ ಹೋಗುತ್ತದೆ.

ಮಾತುಕತೆ ಮುಗಿಯುವ ಹೊತ್ತಿಗೆ ಊದಿನ ಧೂಪವನ್ನು ಕೋಣೆಯ ಸುತ್ತ ತಂದು ಒಬ್ಬೊಬ್ಬರ ಮುಂದೆ ಹಿಡಿಯುತ್ತಾರೆ. ಹೊಗೆಯನ್ನು ಕೈಯಿಂದ ಬಟ್ಟೆಯ ಕಡೆಗೆ ಎಳೆದುಕೊಂಡು ಧನ್ಯವಾದ ಹೇಳಿ ಏಳಬೇಕು. ಧೂಪ ಬಂದ ಮೇಲೆ ಕುಳಿತು ಮತ್ತೆ ದರ ಎತ್ತುವುದು ಅಸಭ್ಯ. ಒಪ್ಪಿದ ಗ್ರೇಡು, ತೂಕ, ದರ, ಕೀಟನಾಶಕದ ಅಂಶವಿಲ್ಲವೆಂಬ ಪ್ರಯೋಗಾಲಯದ ವರದಿ ಯಾವಾಗ ಕೈಸೇರುತ್ತದೆ ಎಂಬುದನ್ನು ಅದೇ ರಾತ್ರಿ ಬರೆದು ಕಳುಹಿಸುತ್ತೇನೆ, ಮೊದಲ ಸಾಲಿನಲ್ಲಿ ಸತ್ಕಾರಕ್ಕೆ ಕೃತಜ್ಞತೆ ಹೇಳಿ. ಉತ್ತರ ಬರಲು ಕೆಲವು ದಿನ ಹಿಡಿಯಬಹುದು. ಆ ನಡುವೆ ಒಮ್ಮೆ ಕ್ಷೇಮ ವಿಚಾರಿಸಿ ಫೋನ್ ಮಾಡುತ್ತೇನೆ. ಆರ್ಡರ್ ಏನಾಯಿತೆಂದು ಆ ಕರೆಯಲ್ಲಿ ಕೇಳುವುದಿಲ್ಲ.