ಸಾಫ್ಟ್‌ನರ್ ಇಲ್ಲದೆ ಬಟ್ಟೆ ಮೃದುವಾಗಿಡುವ ಕ್ರಮ

ಬಿಸಿಲಿಗೆ ಒಣಹಾಕಿದ ಟವೆಲ್ಲು ಸಂಜೆ ಹಪ್ಪಳದಂತೆ ಗಡುಸಾಗಿ ಕೈಗೆ ಬಂದಾಗ ಹೆಚ್ಚಿನವರು ಫ್ಯಾಬ್ರಿಕ್ ಸಾಫ್ಟ್‌ನರ್ ಕೊಳ್ಳಲು ಹೊರಡುತ್ತಾರೆ. ಅದಕ್ಕೆ ಹಣ ಕೊಡುವ ಮೊದಲು ಬಟ್ಟೆ ಏಕೆ ಒರಟಾಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ನಮ್ಮ ಮನೆಗಳಲ್ಲಿ ಒರಟುತನದ ಬಹುಪಾಲು ಕಾರಣ ಸರಿಯಾಗಿ ಜಾಲಾಡಿಸದೆ ಉಳಿದ ಡಿಟರ್ಜೆಂಟ್ ಮತ್ತು ಕೊಳವೆಬಾವಿಯ ಗಡಸು ನೀರು. ಇವೆರಡನ್ನೂ ಸಾಫ್ಟ್‌ನರ್ ತೆಗೆದುಹಾಕುವುದಿಲ್ಲ. ಅವುಗಳ ಮೇಲೆ ಇನ್ನೊಂದು ಲೇಪವನ್ನು ಹಚ್ಚುತ್ತದೆ, ಅಷ್ಟೇ.

ಸಾಫ್ಟ್‌ನರ್‌ನಲ್ಲಿರುವುದು ಧನ ವಿದ್ಯುದಂಶವುಳ್ಳ, ಕೊಬ್ಬಿನಂಥ ಉದ್ದ ಸರಪಳಿಗಳನ್ನು ಹೊತ್ತ ರಾಸಾಯನಿಕ. ನೀರಿನಲ್ಲಿ ನೆನೆದ ಹತ್ತಿಗೆ ಋಣ ವಿದ್ಯುದಂಶವಿರುವುದರಿಂದ ಈ ಅಣುಗಳು ನೂಲಿಗೆ ಅಂಟಿಕೊಂಡು, ಎಳೆಗಳು ಒಂದರ ಮೇಲೊಂದು ಜಾರುವಂತೆ ಮಾಡುತ್ತವೆ. ಮೃದುತ್ವ ಬರುವುದು ಹೀಗೆ. ಆದರೆ ಅದೇ ಜಿಡ್ಡಿನ ಲೇಪದಿಂದ ಟವೆಲ್ಲು ನೀರು ಹೀರುವ ಗುಣವನ್ನು ಕಳೆದುಕೊಳ್ಳುತ್ತದೆ, ಮೈಕ್ರೋಫೈಬರ್ ಒರೆಸುಬಟ್ಟೆ ಕೆಲಸಕ್ಕೆ ಬಾರದಂತಾಗುತ್ತದೆ, ಬೆವರು ಹೀರುವ ವ್ಯಾಯಾಮದ ಬಟ್ಟೆಗಳಲ್ಲಿ ವಾಸನೆ ಉಳಿಯುತ್ತದೆ. ಬೆಂಕಿ ನಿರೋಧಕ ಎಂದು ಚೀಟಿ ಇರುವ ಮಕ್ಕಳ ರಾತ್ರಿಯುಡುಪಿಗಂತೂ ಸಾಫ್ಟ್‌ನರ್ ಹಾಕಲೇಬಾರದು. ಆ ಗುಣವನ್ನೇ ಅದು ಕುಂದಿಸಬಲ್ಲದು. ಎಳೆಗೂಸುಗಳಿಗೆ ಮತ್ತು ಚರ್ಮದ ಅಲರ್ಜಿ ಇರುವವರಿಗೆ ಅದರ ಸುಗಂಧವೂ ತೊಂದರೆ ಕೊಡಬಹುದು.

ಮೊದಲು ಒಂದು ಸರಳ ಪರೀಕ್ಷೆ ಮಾಡಿ. ಒಗೆದು ಒಣಗಿಸಿದ ಟವೆಲ್ಲನ್ನು ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ಸೋಪು ಏನೂ ಸೇರಿಸದೆ ಚೆನ್ನಾಗಿ ಹಿಂಡಾಡಿಸಿ. ನೊರೆ ಎದ್ದರೆ ಕಳೆದ ಬಾರಿಯ ಡಿಟರ್ಜೆಂಟ್ ಅದರಲ್ಲೇ ಉಳಿದಿದೆ ಎಂದು ಅರ್ಥ. ಅಂಥ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಪುಡಿಯ ಅಳತೆಯನ್ನು ಕಡಿಮೆ ಮಾಡಿ, ಒಂದು ಬಾರಿ ಹೆಚ್ಚಾಗಿ ಜಾಲಾಡಿಸುವುದು. ಯಂತ್ರದಲ್ಲಾದರೆ ಬಟ್ಟೆಯನ್ನು ತುರುಕದೆ, ಹೆಚ್ಚುವರಿ ರಿನ್ಸ್ ಆಯ್ಕೆಯನ್ನು ಒತ್ತುವುದು. ಖರ್ಚೇ ಇಲ್ಲದ ಈ ಬದಲಾವಣೆಯೊಂದರಿಂದಲೇ ಅನೇಕ ಮನೆಗಳ ಸಮಸ್ಯೆ ತೀರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ನೀರಿನ ವಿಷಯ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಣೀಯ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಾಗ ಒಪ್ಪಬಹುದಾದ ಮಿತಿ 600 ಮಿಲಿಗ್ರಾಂ. ಆಳದ ಕೊಳವೆಬಾವಿಯ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಬಿಳಿ ಕಿಟ್ಟವಾಗಿ ನೂಲಿನ ಸಂದಿಗಳಲ್ಲಿ ಕೂರುತ್ತವೆ. ಆದ್ದರಿಂದ ಮನೆಗೆ ಎರಡು ಬಗೆಯ ನೀರು ಬರುತ್ತಿದ್ದರೆ ಒಗೆಯುವುದಕ್ಕೆ ಯಾವುದನ್ನಾದರೂ ಬಳಸಿ, ಕೊನೆಯ ಜಾಲಾಟಕ್ಕೆ ಮಾತ್ರ ಮೆದು ನೀರನ್ನೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ತಾರಸಿಯಿಂದ ಹಿಡಿದಿಟ್ಟ ಮಳೆನೀರಿನಲ್ಲಿ ಗಡಸುತನ ಇಲ್ಲವೆಂದೇ ಹೇಳಬಹುದು. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ವ್ಯರ್ಥ ಮಾಡದೆ ಬಟ್ಟೆಗೆ ಬಳಸುವ ಮನೆಗಳು ಬಹಳ. ಅವರ ಕಾಳಜಿ ಮೆಚ್ಚುವಂಥದ್ದೇ, ಆದರೆ ಆ ನೀರಿನಲ್ಲಿ ಲವಣ ಇನ್ನಷ್ಟು ಸಾಂದ್ರವಾಗಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ, ಕೊನೆಯ ಜಾಲಾಟಕ್ಕೆ ಬೇಡ.

ಸಾಫ್ಟ್‌ನರ್ ಬದಲಿಗೆ ನಾನು ಸೂಚಿಸುವ ವಸ್ತು ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ. 50 ಗ್ರಾಂ ನಿಂಬೆ ಉಪ್ಪನ್ನು ಒಂದು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಬಾಟಲಿಯಲ್ಲಿಡಿ. ಯಂತ್ರದ ಒಂದು ಸರದಿಗೆ ಸುಮಾರು 100 ಮಿಲಿಲೀಟರ್ ದ್ರಾವಣವನ್ನು, ಗರಿಷ್ಠ ಮಟ್ಟದ ಗೆರೆ ಮೀರದಂತೆ, ಸಾಫ್ಟ್‌ನರ್ ಹಾಕುವ ಗೂಡಿಗೆ ಸುರಿಯಿರಿ. ಕೈಯಲ್ಲಿ ಒಗೆಯುವವರು ಕೊನೆಯ ಬಕೆಟ್ ನೀರಿಗೆ ಅರ್ಧ ಚಹಾ ಚಮಚ ಪುಡಿಯನ್ನು ನೇರವಾಗಿ ಕರಗಿಸಿದರೆ ಸಾಕು. ಉಳಿದ ಡಿಟರ್ಜೆಂಟಿನ ಕ್ಷಾರವನ್ನು ಅದು ತಟಸ್ಥಗೊಳಿಸುತ್ತದೆ, ಸುಣ್ಣದ ಕಿಟ್ಟವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತದೆ. ದ್ರಾವಣ ಬಹುದಿನ ಇಟ್ಟರೆ ಬೂಷ್ಟು ಕಟ್ಟುವುದರಿಂದ ವಾರಕ್ಕಾಗುವಷ್ಟೇ ಮಾಡಿಕೊಳ್ಳಿ. ಬಿಳಿ ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಬೆಲೆ ಹೆಚ್ಚು, ಮತ್ತು ಪ್ರತಿ ಸಲವೂ ಬಳಸಿದರೆ ಯಂತ್ರದ ರಬ್ಬರ್ ಭಾಗಗಳನ್ನು ಬೇಗ ಸವೆಸಬಹುದು. ಎರಡರಲ್ಲಿ ಯಾವುದನ್ನೇ ಆಗಲಿ ಅಳತೆ ಮೀರಿ ಹಾಕಬೇಡಿ, ಏಕೆಂದರೆ ಹತ್ತಿಯಲ್ಲಿ ಆಮ್ಲ ಉಳಿದು ಒಣಗಿದರೆ ನೂಲು ದುರ್ಬಲವಾಗುತ್ತದೆ. ಇವನ್ನು ಕ್ಲೋರಿನ್ ಬ್ಲೀಚ್ ಜೊತೆ ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ವಿನೆಗರ್ ಮತ್ತು ಅಡುಗೆ ಸೋಡಾ ಎರಡನ್ನೂ ಒಟ್ಟಿಗೆ ಹಾಕಿ ಎಂಬ ಸಲಹೆ ಬಹಳ ಹರಡಿದೆ. ಒಂದು ಆಮ್ಲ, ಇನ್ನೊಂದು ಕ್ಷಾರ. ಸೇರಿದೊಡನೆ ಉಕ್ಕಿ ಪರಸ್ಪರ ನಿಷ್ಫಲವಾಗುತ್ತವೆ. ವಾಷಿಂಗ್ ಸೋಡಾವನ್ನು ಬಳಸುವುದಾದರೆ ಒಗೆಯುವ ಹಂತದಲ್ಲಿ ಮಾತ್ರ, ಒಂದು ಊಟದ ಚಮಚದಷ್ಟು, ಅದೂ ಹತ್ತಿ ಬಟ್ಟೆಗೆ ಮಾತ್ರ ಬಳಸಿ. ಹೆಚ್ಚಾದರೆ ನೀರಿನ ಸುಣ್ಣವೇ ಪುಡಿಯಾಗಿ ಬಟ್ಟೆಯಲ್ಲಿ ಕೂತು ಮತ್ತಷ್ಟು ಒರಟಾಗಿಸುತ್ತದೆ. ರೇಷ್ಮೆಗೂ ಉಣ್ಣೆಗೂ ಕ್ಷಾರ ಆಗದು. ಅವಕ್ಕೆ ಅಂಟುವಾಳದ ಕಾಯಿಯನ್ನು ನೆನೆಸಿ ಕಿವುಚಿ ಸೋಸಿದ ನೀರೇ ಸೂಕ್ತ.

ಒಣಗಿಸುವ ರೀತಿಗೂ ದೊಡ್ಡ ಪಾತ್ರವಿದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯ ಮತ್ತು ಕಾವೊ ಕಂಪನಿಯ ಸಂಶೋಧಕರು 2020ರಲ್ಲಿ ತೋರಿಸಿದಂತೆ, ಒಣಗಿದ ಹತ್ತಿಯ ಮೇಲ್ಮೈಯಲ್ಲಿ ಉಳಿಯುವ ಅತಿ ತೆಳುವಾದ ನೀರಿನ ಪದರವೇ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆ ಅಂಟು ಬಿಡಿಸಲು ಅಲುಗಾಟ ಬೇಕು. ಆದ್ದರಿಂದ ಹಿಂಡಿದ ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಮೊದಲು ಜೋರಾಗಿ ಕೊಡವಿ, ಗಾಳಿಯಾಡುವ ಕಡೆ ಒಣಹಾಕಿ, ಸುಡುಬಿಸಿಲಿನಲ್ಲಿ ಸಂಜೆಯವರೆಗೂ ಬಿಡದೆ ಒಣಗಿದ ಕೂಡಲೇ ತೆಗೆದು, ಮಡಿಸುವ ಮುನ್ನ ಮತ್ತೊಮ್ಮೆ ಕೊಡವಿ ಅಂಗೈಗಳ ನಡುವೆ ಉಜ್ಜಿ. ಗಂಜಿ ಹಾಕುವ ಹತ್ತಿ ಸೀರೆಗೆ ಈ ಯಾವ ಉಪಚಾರವೂ ಬೇಡ; ಅದರ ಸೊಗಸು ಗರಿಗರಿಯಲ್ಲೇ ಇದೆ.

ಡ್ರೈಯರ್ ಶೀಟ್ ನಮ್ಮಲ್ಲಿ ಅಪರೂಪ, ಅಮೆರಿಕದಲ್ಲಿರುವ ಕನ್ನಡಿಗರಿಗೆ ನಿತ್ಯದ ವಸ್ತು. ಸಾಮಾನ್ಯವಾಗಿ ಪಾಲಿಯೆಸ್ಟರ್ ಹಾಳೆಗೆ ಲೇಪಿಸಿದ ಸಾಫ್ಟ್‌ನರ್ ಬಟ್ಟೆ ಒಣಗಿಸುವ ಯಂತ್ರದ (ಡ್ರೈಯರ್) ಬಿಸಿಗೆ ಕರಗಿ ಬಟ್ಟೆಗೆ ಹರಡುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಬಟ್ಟೆ ಮೈಗೆ ಅಂಟಿ ಚಟಪಟ ಎನ್ನುವುದನ್ನು ತಡೆಯುವುದೇ ಅದರ ನಿಜವಾದ ಉಪಯೋಗ. ಸಿಂಥೆಟಿಕ್ ಬಟ್ಟೆಯನ್ನು ಹತ್ತಿಯೊಡನೆ ಬೆರೆಸದೆ ಪ್ರತ್ಯೇಕವಾಗಿ, ಕಡಿಮೆ ಬಿಸಿಯಲ್ಲಿ ಒಣಗಿಸಿ, ತುಸು ತೇವವಿರುವಾಗಲೇ ಹೊರತೆಗೆದರೆ ಶೀಟಿನ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಶೀಟಿನ ಬದಲು ಡ್ರೈಯರ್‌ಗೆ ಹಾಕುವ ಉಣ್ಣೆಯ ಚೆಂಡುಗಳು ಬಟ್ಟೆಗಳನ್ನು ಬಿಡಿಬಿಡಿಯಾಗಿಟ್ಟು ಬಹುಕಾಲ ಬಾಳುತ್ತವೆ. ಶೀಟೇ ಬೇಕೆನ್ನುವವರು ಅರ್ಧ ಹಾಳೆಯಿಂದ ಪ್ರಯತ್ನಿಸಲಿ. ಆಗಾಗ ಯಂತ್ರದ ನೂಲುಧೂಳಿನ ಜಾಲರಿಯ ಮೇಲೆ ನೀರು ಹಾಯಿಸಿ ನೋಡಿ: ನೀರು ಇಳಿಯದೆ ಮೇಲೆಯೇ ನಿಂತರೆ ಶೀಟಿನ ಮೇಣ ಕಟ್ಟಿಕೊಂಡಿದೆ. ಬೆಚ್ಚಗಿನ ಸೋಪುನೀರು ಮತ್ತು ಮೆತ್ತನೆಯ ಬ್ರಶ್‌ನಿಂದ ಅದನ್ನು ಉಜ್ಜಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಜಾಲರಿಯನ್ನು ಮರಳಿ ಜೋಡಿಸಿ.